ನೀರಿನ ಕ್ಯಾನು, ಒದ್ದೆ ಕಾಗದ, ಜೆಲಟಿನ್: ಗುಂಡು ಎಷ್ಟು ಆಳ ಹೋಗುತ್ತದೆ, ಎಷ್ಟು ಅರಳುತ್ತದೆ ಎಂಬುದನ್ನು ನಾವೇ ಅಳೆಯುವುದು ಹೇಗೆ?

ಗುರಿಹಲಗೆ ಎಂಬ ಅಡ್ಡಹೆಸರಿನವರ ಪ್ರಶ್ನೆ

ಮಾನ್ಯರೇ, ಪರವಾನಗಿ ಇರುವ ಅಭ್ಯಾಸ ಮೈದಾನವೊಂದರಲ್ಲಿ ಕಳೆದ ಕೆಲವು ವಾರಗಳಿಂದ 9 ಮಿ.ಮೀ. ಪಿಸ್ತೂಲಿನ ಎರಡು ಬಗೆಯ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇರುವ, ಹೊಕ್ಕಾಗ ಅರಳುವ) ಗುಂಡುಗಳನ್ನು ಹೋಲಿಸಿ ನೋಡುತ್ತಿದ್ದೇನೆ. ಎರಡೂ 124 ಗ್ರೇನ್, ಎಂದರೆ ಸುಮಾರು 8 ಗ್ರಾಂ ತೂಕದವು. ಮೊದಲು ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನುಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಇಟ್ಟು ಹೊಡೆದೆ. ಪ್ರತಿ ಕ್ಯಾನಿನ ದಪ್ಪ 15 ಸೆಂ.ಮೀ. ಎರಡೂ ಬಗೆಯ ಗುಂಡುಗಳು ಐದನೆಯ ಕ್ಯಾನಿನಲ್ಲಿ ಸಿಕ್ಕವು. ಮೊದಲನೆಯದು ಆರು ದಳದ ಹೂವಿನಂತೆ ಚೆನ್ನಾಗಿ ಅರಳಿ 15 ಮಿ.ಮೀ. ಅಗಲವಾಗಿತ್ತು, ಎರಡನೆಯದು 14ಕ್ಕೆ ನಿಂತಿತ್ತು.

ಮರುವಾರ ಅದೇ ಗುಂಡುಗಳನ್ನು ನೀರಿನಲ್ಲಿ ನೆನೆಸಿದ ಹಳೆಯ ಪತ್ರಿಕೆಗಳ ಕಟ್ಟಿಗೆ ಹೊಡೆದಾಗ ಅವು 22 ಸೆಂ.ಮೀ. ದಾಟಲಿಲ್ಲ, ಮತ್ತು ಅವುಗಳಲ್ಲಿ ಒಂದರ ತಾಮ್ರದ ಹೊದಿಕೆ ಸೀಸದಿಂದ ಪೂರ್ತಿಯಾಗಿ ಕಳಚಿಕೊಂಡಿತ್ತು. ನೀರು ಹೇಳುವುದು 60ರಿಂದ 75 ಸೆಂ.ಮೀ., ಕಾಗದ ಹೇಳುವುದು 22. ಇವೆರಡರಲ್ಲಿ ಯಾವುದನ್ನು ನಂಬಬೇಕು? ಯಾವುದಾದರೂ ಒಂದು ಸಂಖ್ಯೆಯಿಂದ ಗುಣಿಸಿ, ಸ್ನಾಯುವಿನ ಬದಲಿಗೆ ಪರೀಕ್ಷೆಗೆ ಬಳಸುವ ಹೆಪ್ಪುಗಟ್ಟಿದ ಜೆಲಟಿನ್‌ನ ಆಳಕ್ಕೆ ತಂದುಕೊಳ್ಳಬಹುದೇ, ಇಲ್ಲವೇ ಜೆಲಟಿನ್ನನ್ನೇ ಮನೆಯಲ್ಲಿ ಮಾಡಿಕೊಳ್ಳುವುದು ಲೇಸೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ತಕ್ಕಡಿ

ನಿಮ್ಮ ಎರಡು ಅಳತೆಗಳೂ ಸುಳ್ಳಲ್ಲ. ನೀರಿಗೆ ನೀವು ಕೇಳಿದ್ದು ಒಂದು ಪ್ರಶ್ನೆ, ಕಾಗದಕ್ಕೆ ಕೇಳಿದ್ದು ಇನ್ನೊಂದು ಪ್ರಶ್ನೆ, ಹೀಗಾಗಿ ಉತ್ತರಗಳೂ ಬೇರೆಯಾಗಿವೆ.

ಅರಳುವಿಕೆಯ ವಿಷಯದಲ್ಲಿ ನೀರು ಸಾಕಷ್ಟು ಪ್ರಾಮಾಣಿಕ ಸಾಕ್ಷಿ. ಹಾಲೋ ಪಾಯಿಂಟ್ ಗುಂಡಿನ ಮೂತಿಯನ್ನು ತೆರೆಯುವುದು ಎದುರಿನ ದ್ರವದ ಒತ್ತಡ, ಮತ್ತು ಆ ಒತ್ತಡವು ದ್ರವದ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ನೀರಿಗೆ ಹೊಕ್ಕ ಗುಂಡಿನ ಮೂತಿಯ ಮೇಲೆ ಸುಮಾರು 61 ಮೆಗಾಪಾಸ್ಕಲ್, ಎಂದರೆ ವಾಯುಮಂಡಲದ ಒತ್ತಡದ ಆರುನೂರು ಪಟ್ಟು ಒತ್ತಡ ಬೀಳುತ್ತದೆ. ಅದೇ ಗುಂಡು 280 ಮೀಟರ್ ವೇಗದಲ್ಲಿ ಬಂದರೆ ಒತ್ತಡ 39ಕ್ಕೆ ಇಳಿಯುತ್ತದೆ. ವೇಗ ಐದರಲ್ಲಿ ಒಂದು ಪಾಲು ಇಳಿದರೆ ಒತ್ತಡ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿಯುತ್ತದೆ ಎಂದಾಯಿತು. ಚಿಕ್ಕ ನಳಿಗೆಯ ಪಿಸ್ತೂಲಿನಿಂದ ಹೊಡೆದಾಗ ಒಳ್ಳೆಯ ಗುಂಡು ಕೂಡ ಕೆಲವೊಮ್ಮೆ ಮೊಗ್ಗಾಗಿಯೇ ಉಳಿಯುವುದಕ್ಕೆ ಇದೇ ಕಾರಣ. ಶೇಕಡ 10ರ ಜೆಲಟಿನ್‌ನ ಸಾಂದ್ರತೆ ನೀರಿಗಿಂತ ಅತ್ಯಲ್ಪ ಹೆಚ್ಚು, ಅಷ್ಟೇ. ಆದ್ದರಿಂದ ನೀರಿನಲ್ಲಿ ಅರಳಿದ ಗುಂಡಿನ ಆಕಾರವು ಜೆಲಟಿನ್‌ನಲ್ಲಿ ಅರಳಿದ್ದಕ್ಕೆ ಬಹಳ ಹತ್ತಿರವಿರುತ್ತದೆ. ಮೊದಲ ಕ್ಯಾನು ಸಿಡಿದು ಚಿಂದಿಯಾಗಿ, ಕೊನೆಯ ಕ್ಯಾನಿನಲ್ಲಿ ಬರಿಯ ತೂತು ಉಳಿದಿದ್ದನ್ನು ನೀವೂ ನೋಡಿರುತ್ತೀರಿ. ಗುಂಡು ಅರಳುವುದು ಮೊದಲ ಕೆಲವು ಸೆಂಟಿಮೀಟರುಗಳಲ್ಲಿ, ತನ್ನ ಬಹುಪಾಲು ಶಕ್ತಿಯನ್ನು ಕಳೆದುಕೊಳ್ಳುವುದೂ ಆ ಆಸುಪಾಸಿನಲ್ಲೇ.

ಆಳದ ಮಾತು ಬೇರೆ. ನೀರಿಗೆ ಹರಿದುಹೋಗುವ ಗುಣವಿದೆಯೇ ಹೊರತು ಗಟ್ಟಿತನವಿಲ್ಲ. ಗುಂಡು ನಿಧಾನವಾದಂತೆ ನೀರಿನ ತಡೆಯೂ ನಿಧಾನವಾಗಿ ಕರಗಿ ಹೋಗುತ್ತದೆ. ಸಮಾನ ದೂರಗಳಲ್ಲಿ ವೇಗವು ಸಮಾನ ಪ್ರಮಾಣದಲ್ಲಿ ಕಡಿಮೆಯಾಗುತ್ತ ಹೋಗುತ್ತದೆ, ಆದರೆ ಗುಂಡನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸುವಂಥದ್ದು ಅಲ್ಲಿ ಏನೂ ಇಲ್ಲ. ಜೆಲಟಿನ್‌ಗೆ, ಸ್ನಾಯುವಿಗೆ ಸ್ವಲ್ಪವಾದರೂ ಬಿಗಿತವಿದೆ, ವೇಗ ತಗ್ಗಿದ ಮೇಲೆ ಆ ಬಿಗಿತವೇ ಗುಂಡನ್ನು ಹಿಡಿದುಬಿಡುತ್ತದೆ. ಹೀಗಾಗಿ ಅರಳುವ ಪಿಸ್ತೂಲು ಗುಂಡುಗಳು ನೀರಿನಲ್ಲಿ ಜೆಲಟಿನ್‌ಗಿಂತ ಒಂದೂವರೆಯಿಂದ ಎರಡು ಪಟ್ಟು ದೂರ ಹೋಗುವುದು ಸಾಮಾನ್ಯ. ನಿಮ್ಮ 60–75 ಸೆಂ.ಮೀ. ಎಂಬುದು ಜೆಲಟಿನ್‌ನಲ್ಲಿ ಮೂವತ್ತರ ಕೊನೆಗೋ ನಲವತ್ತರ ಆಸುಪಾಸಿಗೋ ಬಂದು ನಿಲ್ಲಬಹುದು. ಆದರೆ ಒಂದೇ ಸಂಖ್ಯೆಯಿಂದ ಎಲ್ಲ ಗುಂಡುಗಳನ್ನೂ ಗುಣಿಸಲು ಹೋಗಬೇಡಿ. ಗುಂಡಿನ ತೂಕ, ಅರಳಿದ ಅಗಲ, ವೇಗ ಇವು ಬದಲಾದಂತೆ ಆ ಪಟ್ಟೂ ಬದಲಾಗುತ್ತದೆ.

ಇನ್ನು ನಿಮ್ಮ ಅಳತೆಯ ಸೂಕ್ಷ್ಮತೆ. ಎರಡು ಗುಂಡುಗಳೂ ಐದನೆಯ ಕ್ಯಾನಿನಲ್ಲಿ ಸಿಕ್ಕವು ಎಂದರೆ ಅವು ಒಂದೇ ಆಳಕ್ಕೆ ಹೋದವು ಎಂದಲ್ಲ. ಒಂದು 61ರಲ್ಲೂ ಇನ್ನೊಂದು 74ರಲ್ಲೂ ನಿಂತಿದ್ದರೆ ನಿಮಗೆ ತಿಳಿಯುವಂತಿಲ್ಲ, ನಿಮ್ಮ ಅಳತೆಪಟ್ಟಿಯ ಮೇಲೆ ಗೆರೆಗಳಿರುವುದೇ 15 ಸೆಂ.ಮೀ.ಗೊಂದು. ಮರದ ಉದ್ದನೆಯ ತೊಟ್ಟಿಯೊಂದನ್ನು ಮಾಡಿಕೊಂಡು, ಅದರಲ್ಲಿ ನೀರು ತುಂಬಿದ ತೆಳು ಪ್ಲಾಸ್ಟಿಕ್ ಚೀಲಗಳನ್ನು ಒತ್ತೊತ್ತಾಗಿ ನಿಲ್ಲಿಸಿದರೆ ಐದಾರು ಸೆಂಟಿಮೀಟರಿಗೊಂದು ಗೆರೆ ಸಿಗುತ್ತದೆ, ದಪ್ಪ ಕ್ಯಾನುಗಳ ಗೋಡೆಗಳು ಗುಂಡನ್ನು ತಡೆಯುವ ಲೆಕ್ಕವೂ ಕಡಿಮೆಯಾಗುತ್ತದೆ. ಗುಂಡು ಸಾಲಿನಿಂದ ಪಕ್ಕಕ್ಕೆ ತಿರುಗಿ ಹೊರಬೀಳುವುದೂ ಉಂಟು. ನೀರಿನ ಸಾಲನ್ನೇ ಗುಂಡು ತಡೆಯುವ ಗೋಡೆ ಎಂದು ಯಾವತ್ತೂ ಎಣಿಸಬಾರದು. ಅದರ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಲೇಬೇಕು.

ಹಳೇ ಕೋವಿ

ಕಾಗದದ ಬಗ್ಗೆ ನಾನು ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಒಂದು ಕಾಲದಲ್ಲಿ ಅದನ್ನೇ ನಂಬಿ ನೋಟುಪುಸ್ತಕ ತುಂಬಿಸಿದವನು ನಾನು.

ಒದ್ದೆ ಪತ್ರಿಕೆ ಎಂದರೆ ನಾರಿನ ರಾಶಿ. ಅದು ಗುಂಡಿನ ಹೊದಿಕೆಯನ್ನು ಉಜ್ಜುತ್ತದೆ, ದಳಗಳನ್ನು ಹಿಂದಕ್ಕೆ ಎಳೆದು ಸುಲಿಯುತ್ತದೆ. ನಿಮ್ಮ ಗುಂಡಿನ ಹೊದಿಕೆ ಕಳಚಿಕೊಂಡದ್ದು ಅದರ ದೋಷವೆಂದು ಈಗಲೇ ತೀರ್ಮಾನಿಸಬೇಡಿ. ಒಂದು ರಾತ್ರಿ ನೆನೆಸಿದ ಕಟ್ಟು, ಮೂರು ದಿನ ನೆನೆಸಿದ ಕಟ್ಟು, ನೆನೆಸಿ ಒಂದು ಗಂಟೆ ನೀರು ಬಸಿಯಲು ಬಿಟ್ಟ ಕಟ್ಟು ಇವು ಮೂರೂ ಮೂರು ಬೇರೆ ವಸ್ತುಗಳು. ನಾನೊಮ್ಮೆ ಕಟ್ಟಿನ ನಡುವನ್ನು ಬಿಡಿಸಿ ನೋಡಿದಾಗ ಹೊರಗೆಲ್ಲ ತೊಟ್ಟಿಕ್ಕುತ್ತಿದ್ದ ಕಾಗದ ಒಳಗೆ ಅಂಗೈ ಅಗಲದಷ್ಟು ಒಣಗಿಯೇ ಇತ್ತು, ಹಾಳೆಗಳು ಸರಬರ ಸದ್ದು ಮಾಡಿದವು. ಅಲ್ಲಿಯವರೆಗೆ ಬರೆದಿಟ್ಟ ಅಂಕಿಗಳನ್ನೆಲ್ಲ ಅಂದೇ ಹೊಡೆದುಹಾಕಿದೆ. ಒಂದೇ ಕಟ್ಟಿಗೆ, ಒಂದೇ ದಿನ, ಎರಡು ಗುಂಡುಗಳನ್ನು ಅಕ್ಕಪಕ್ಕ ಹೊಡೆದು ಯಾವುದು ಮುಂದೆ ಹೋಯಿತು ಎಂದು ನೋಡುವುದಕ್ಕಾದರೆ ಕಾಗದ ಸಾಕು. ವೇಗದ ಬೇಟೆ ರೈಫಲಿನ ಗುಂಡು ಒಡೆಯದೆ ಒಟ್ಟಾಗಿ ಉಳಿಯುತ್ತದೆಯೇ ಎಂಬ ಕಠಿಣ ಪರೀಕ್ಷೆಗಂತೂ ಅದು ಒಳ್ಳೆಯದೇ. ಸೆಂಟಿಮೀಟರುಗಳನ್ನು ಮಾತ್ರ ಇನ್ನೊಬ್ಬರ ಸೆಂಟಿಮೀಟರುಗಳೊಂದಿಗೆ ಹೋಲಿಸಬಾರದು.

ಒಣ ಹಲಗೆ, ಒಣ ಪುಸ್ತಕ, ಮರಳು ಇವನ್ನು ಯಾರಾದರೂ ಸೂಚಿಸಿದರೆ ಬಿಟ್ಟುಬಿಡಿ. ಮರದ ಪುಡಿ ಹಾಲೋ ಪಾಯಿಂಟಿನ ಬಾಯಿಗೆ ಬಿರಡೆಯಂತೆ ಕೂತುಬಿಡುತ್ತದೆ, ಗುಂಡು ಅರಳದೆ ಮುಂದೆ ಹೋಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಷ್ಟು ಪೈನ್ ಹಲಗೆ ತೂರಿತು ಎಂದು ಎಣಿಸುವ ರೂಢಿಯಿತ್ತು, ಆ ಲೆಕ್ಕ ಅರಳದ ಗುಂಡುಗಳಿಗಾದರೆ ಸರಿ. ಕುಂಬಾರರ ಜೇಡಿಮಣ್ಣು ಇನ್ನೂ ಮೋಸಗಾರ. ಗುಂಡು ಹಾದುಹೋಗುವಾಗ ಪಕ್ಕಕ್ಕೆ ಸರಿದ ಮಣ್ಣು ಮರಳಿ ಬರುವುದಿಲ್ಲವಾದ್ದರಿಂದ, ಕ್ಷಣಕಾಲ ಮಾತ್ರ ಇರಬೇಕಾದ ಹಿಗ್ಗು ಅಲ್ಲಿ ಮಡಕೆಯಷ್ಟು ದೊಡ್ಡ ಗುಂಡಿಯಾಗಿ ಶಾಶ್ವತವಾಗಿ ನಿಂತುಬಿಡುತ್ತದೆ. ಮಾಂಸಖಂಡ ರಬ್ಬರಿನಂತೆ ಮತ್ತೆ ಕೂಡಿಕೊಳ್ಳುತ್ತದೆ. ಆ ಗುಂಡಿಯ ಫೋಟೊ ತೆಗೆದು ಹಂಚುವವರೇ ಹೆಚ್ಚು, ಅದರಿಂದ ಏನನ್ನೂ ಅಳೆದಂತಾಗಲಿಲ್ಲ.

ನಾಲ್ಕು ಡಿಗ್ರಿ

ಪ್ರಶ್ನೆಯ ಕೊನೆಯ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಜೆಲಟಿನ್ ಮನೆಯಲ್ಲಿ ಖಂಡಿತ ಆಗುತ್ತದೆ, ಆದರೆ ಅಳತೆಯ ಸಾಧನವನ್ನು ತಯಾರಿಸುತ್ತಿದ್ದೇನೆ ಎಂಬ ಶಿಸ್ತು ಇಲ್ಲದಿದ್ದರೆ ಕೊನೆಗೆ ಸಿಗುವುದು ದುಬಾರಿ ಒದ್ದೆ ಕಾಗದವೇ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಶೇಕಡ 10ರ ಜೆಲಟಿನ್ನನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಳಸುವ ಕ್ರಮವನ್ನು ಅಮೆರಿಕದ ಸೇನಾ ಶಸ್ತ್ರಚಿಕಿತ್ಸಕ ಮಾರ್ಟಿನ್ ಫ್ಯಾಕ್ಲರ್ ಅವರು ಸ್ಯಾನ್ ಫ್ರಾನ್ಸಿಸ್ಕೋದ ಲೆಟರ್‌ಮನ್ ಸೇನಾ ಸಂಶೋಧನಾ ಸಂಸ್ಥೆಯಲ್ಲಿ ನೆಲೆಗೊಳಿಸಿದರು. ಗುಂಡು ಅದರಲ್ಲಿ ಹೋಗುವ ಆಳ ಹಂದಿಯ ಸ್ನಾಯುವಿನಲ್ಲಿ ಹೋಗುವ ಆಳಕ್ಕೆ ಹೊಂದುತ್ತದೆ ಎಂಬುದೇ ಅದರ ಬೆಲೆ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಅಧಿಕಾರಿಗಳನ್ನು ಕಳೆದುಕೊಂಡ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಪರೀಕ್ಷಾ ಕ್ರಮವನ್ನು ಇದರ ಮೇಲೆಯೇ ಕಟ್ಟಿತು. ಕನಿಷ್ಠ 12 ಇಂಚು, ಹೆಚ್ಚೆಂದರೆ 18 ಇಂಚು, ಎಂದರೆ 30ರಿಂದ 46 ಸೆಂ.ಮೀ. ಎಂದು ಎಲ್ಲರೂ ಹೇಳುವ ಅಂಕಿ ಅಲ್ಲಿಂದ ಬಂದದ್ದು. ಅದು ಪೊಲೀಸ್ ಕೆಲಸದ ಪಿಸ್ತೂಲು ಗುಂಡಿಗೆ ಹಾಕಿದ ಅಳತೆ. ದೊಡ್ಡ ಪ್ರಾಣಿಯ ಬೇಟೆಗೆ ಗುಂಡು ಆರಿಸುವವರು ಅದನ್ನೇ ಹಿಡಿದುಕೊಂಡು ಕೂರಬೇಕಾಗಿಲ್ಲ. ನೇಟೋ ಬಳಗದಲ್ಲಿ ಶೇಕಡ 20ರ ಜೆಲಟಿನ್ನನ್ನು 10 ಡಿಗ್ರಿಯಲ್ಲಿ ಬಳಸುವ ರೂಢಿಯೂ ಇದೆ. ಎರಡರ ಆಳವನ್ನು ಒಂದರೊಡನೊಂದು ಬೆರೆಸಬೇಡಿ.

ತಯಾರಿಗೆ ಬೇಕಾದುದು 250 ಬ್ಲೂಮ್ (ಹೆಪ್ಪಿನ ಗಟ್ಟಿತನದ ಅಳತೆ) ಬಲದ, ಎ ಬಗೆಯ (ಆಮ್ಲದಿಂದ ಸಂಸ್ಕರಿಸಿದ) ಜೆಲಟಿನ್ ಪುಡಿ. ಸಿಹಿತಿಂಡಿಗೆ ಬಳಸುವ ಸಕ್ಕರೆ ಬೆರೆತ ಪುಡಿ ಆಗದು. ಒಂಬತ್ತು ಕಿಲೋ ನೀರಿಗೆ ಒಂದು ಕಿಲೋ ಪುಡಿ, ಎರಡನ್ನೂ ತೂಗಿಯೇ ಹಾಕಬೇಕು. 15 ಸೆಂ.ಮೀ. ಅಗಲ, 15 ಎತ್ತರ, 40 ಉದ್ದದ ಅಚ್ಚನ್ನು ತುಂಬಿ ಸ್ವಲ್ಪ ಮಿಗುತ್ತದೆ. ತಣ್ಣೀರಿಗೆ ಪುಡಿಯನ್ನು ಉದುರಿಸುತ್ತ ಕಲಕಬೇಕು, ಪುಡಿಯ ಮೇಲೆ ನೀರು ಸುರಿದರೆ ಗಂಟುಗಳಾಗಿ ಕೆಡುತ್ತದೆ. ಫ್ರಿಜ್ಜಿನಲ್ಲಿ ಎರಡು ಗಂಟೆ ಹಾಗೆಯೇ ಬಿಟ್ಟರೆ ಹರಳುಗಳು ನೀರು ಕುಡಿದು ಉಬ್ಬುತ್ತವೆ. ಆಮೇಲೆ ಪಾತ್ರೆಯನ್ನು ಬಿಸಿನೀರಿನ ದೊಡ್ಡ ಪಾತ್ರೆಯೊಳಗಿಟ್ಟು ನಿಧಾನವಾಗಿ ಕರಗಿಸಬೇಕು. ಇಲ್ಲಿಯೇ ಎಲ್ಲರೂ ಎಡವುವುದು. ಜೆಲಟಿನ್ 40 ಡಿಗ್ರಿ ದಾಟಬಾರದು. ಕುದಿಸಿದರೆ ಅದರ ಉದ್ದನೆಯ ಎಳೆಗಳು ತುಂಡಾಗುತ್ತವೆ, ಆರಿದ ಮೇಲೆ ನೋಡುವುದಕ್ಕೆ ಅಷ್ಟೇ ಚೆನ್ನಾಗಿ ಹೆಪ್ಪುಗಟ್ಟಿದರೂ ಬಲ ಕುಂದಿರುತ್ತದೆ. ಉಷ್ಣತಾಮಾಪಕವನ್ನು ಪಾತ್ರೆಯಿಂದ ತೆಗೆಯಲೇಬೇಡಿ. ನೊರೆ ಬರದಂತೆ ಮೆಲ್ಲಗೆ ಕಲಕಿ, ಅಚ್ಚಿಗೆ ಸುರಿದು, ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ಕನಿಷ್ಠ ಒಂದೂವರೆ ದಿನ ಇಡಬೇಕು. ಇಷ್ಟು ದಪ್ಪದ ಗಡ್ಡೆಯ ನಡುಭಾಗ ತಣಿಯುವುದಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆ.

ಈಗ ಮುಖ್ಯ ವಿಷಯ. ಗಡ್ಡೆ ಸರಿಯಾಗಿದೆಯೇ ಎಂದು ತಿಳಿಯಲು 4.5 ಮಿ.ಮೀ. ಉಕ್ಕಿನ ಛರ್ರೆಯೊಂದನ್ನು ಸೆಕೆಂಡಿಗೆ 180 ಮೀಟರ್ ವೇಗದಲ್ಲಿ, ನಾಲ್ಕೈದು ಮೀಟರಿನಷ್ಟು ಹೆಚ್ಚುಕಡಿಮೆಯೊಳಗೆ, ಗಾಳಿಕೋವಿಯಿಂದ ಅದರೊಳಗೆ ಹೊಡೆಯಬೇಕು. ಛರ್ರೆ 8.5 ಸೆಂ.ಮೀ. ಹೋಗಿ ನಿಲ್ಲಬೇಕು, ಒಂದು ಸೆಂ.ಮೀ. ಆಚೀಚೆ ಆದರೆ ಪರವಾಗಿಲ್ಲ. ಪಂಪು ಒತ್ತಿ ಗಾಳಿ ತುಂಬುವ ಕೋವಿ ಇದಕ್ಕೆ ಅನುಕೂಲ, ಎಷ್ಟು ಸಲ ಒತ್ತಿದರೆ 180 ಮೀಟರ್ ಬರುತ್ತದೆ ಎಂದು ವೇಗ ಅಳೆಯುವ ಕ್ರೋನೋಗ್ರಾಫಿನ ಮುಂದೆ ಮೊದಲೇ ಕಂಡುಕೊಳ್ಳಬಹುದು. ಈ ಛರ್ರೆಯ ಪರೀಕ್ಷೆ ಮಾಡದ ಗಡ್ಡೆಯ ಮೇಲೆ ಎಷ್ಟೇ ಚಂದದ ವಿಡಿಯೋ ತೆಗೆದರೂ ಅದರ ಅಂಕಿ ನನ್ನ ದೃಷ್ಟಿಯಲ್ಲಿ ಅಂಕಿಯಲ್ಲ.

ಗುರಿಹಲಗೆ

ಎಲ್ಲರಿಗೂ ಕೃತಜ್ಞತೆಗಳು. ಹೇಳಿದಂತೆ ಮಾಡಿದೆ, ಒಂದು ಕಡೆ ಎಡವಿದೆ. ಕರಗುವುದು ತಡವಾಯಿತೆಂದು ಹೊರಗಿನ ಪಾತ್ರೆಯ ನೀರನ್ನು ಜೋರಾಗಿ ಕಾಯಿಸಿಬಿಟ್ಟೆ. ನೋಡಿದಾಗ ಒಳಗಿನ ಉಷ್ಣತೆ 58 ಡಿಗ್ರಿ ತಲುಪಿತ್ತು. ಗಡ್ಡೆ ಗಾಜಿನಂತೆ ತಿಳಿಯಾಗಿ ಬಂತು, ನೋಡಿ ಹಿಗ್ಗಿದೆ. ಛರ್ರೆ ಮಾತ್ರ 11 ಸೆಂ.ಮೀ. ಹೋಗಿ ನಿಂತಿತು. ಆದರೂ ಒಂದು ಗುಂಡು ಹೊಡೆದೆ, ಅದು 43 ಸೆಂ.ಮೀ. ಎಂಬಂತೆ ಗಡ್ಡೆಯ ಹಿಂಭಾಗವನ್ನೂ ದಾಟಿ, ಅದರ ಹಿಂದಿಟ್ಟ ನೀರಿನ ಚೀಲದಲ್ಲಿ ಸಿಕ್ಕಿತು. ಛರ್ರೆಯ ಲೆಕ್ಕದ ಪ್ರಮಾಣದಲ್ಲಿ ಇದನ್ನು ಇಳಿಸಿ ಹೇಳಬಹುದೇ? ಹಾಗೆಯೇ, ಮಾರುಕಟ್ಟೆಯಲ್ಲಿ ಸಿಗುವ, ಫ್ರಿಜ್ಜು ಬೇಡದ ಪಾರದರ್ಶಕ ಕೃತಕ ಜೆಲ್ ಕೊಂಡರೆ ಈ ರಗಳೆಯೇ ಇರುವುದಿಲ್ಲವಲ್ಲ?

ನಾಲ್ಕು ಡಿಗ್ರಿ

ಇಳಿಸಿ ಹೇಳಬೇಡಿ. ಛರ್ರೆ ಮಿತಿಯ ಅಂಚಿನಲ್ಲಿ, 9ರಲ್ಲೋ 9.3ರಲ್ಲೋ ನಿಂತಿದ್ದರೆ ಮಾತು ಬೇರೆ. 11 ಎಂದರೆ ಅದು ಇನ್ನು ಬೇರೆಯದೇ ವಸ್ತು. ಛರ್ರೆ ಅರಳುವುದಿಲ್ಲ, ನಿಮ್ಮ ಗುಂಡು ಅರಳುತ್ತದೆ. ಒಂದರ ಅನುಪಾತ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಜೊತೆಗೆ, ಗುಂಡು ಗಡ್ಡೆಯಿಂದ ಹೊರಬಿದ್ದು ನೀರಿಗೆ ಹೋದ ಮೇಲೆ ಅದು ಎರಡು ವಸ್ತುಗಳ ಆಳ. ಆ ಗಡ್ಡೆಯನ್ನು ಮತ್ತೆ ಕರಗಿಸಿದರೂ ಕಳೆದ ಬಲ ಮರಳಿ ಬರುವುದಿಲ್ಲ.

ಕೃತಕ ಜೆಲ್ ಬಗ್ಗೆ. ಅದು ಖನಿಜ ತೈಲವನ್ನು ಪಾಲಿಮರಿನಲ್ಲಿ ಹಿಡಿದಿಟ್ಟ ಪದಾರ್ಥ. ಕೆಡುವುದಿಲ್ಲ, ಮತ್ತೆ ಮತ್ತೆ ಕರಗಿಸಿ ಬಳಸಬಹುದು, ಗುಂಡಿನ ಜಾಡು ಗಾಜಿನಲ್ಲಿ ಕಂಡಂತೆ ಕಾಣುತ್ತದೆ. ಆದರೆ ಸಾಂದ್ರತೆ ನೀರಿಗಿಂತ ಕಡಿಮೆ. ಒತ್ತಡಕ್ಕೂ ಸಾಂದ್ರತೆಗೂ ಇರುವ ನಂಟನ್ನು ತಕ್ಕಡಿಯವರು ಮೇಲೆ ಹೇಳಿದ್ದಾರೆ. ಅದೇ ಕಾರಣಕ್ಕೆ ಅಂಚಿನ ವೇಗದಲ್ಲಿ ಅರಳುವ ಗುಂಡು ಇದರಲ್ಲಿ ಸ್ವಲ್ಪ ಕಡಿಮೆ ಅರಳಿ ಹೆಚ್ಚು ಆಳ ಹೋಗುವ ಸಂಭವವಿದೆ. ಇದು ಬಹಳ ಜಿಗಿತದ ವಸ್ತುವೂ ಹೌದು, ಗುಂಡು ಆಳಕ್ಕೆ ಹೋಗಿ ಒಂದೆರಡು ಸೆಂ.ಮೀ. ಹಿಂದಕ್ಕೆ ಬಂದು ನಿಲ್ಲುತ್ತದೆ. ಅಂಥಲ್ಲಿ ಗುಂಡು ಸಿಕ್ಕ ಜಾಗವನ್ನಲ್ಲ, ಜಾಡಿನ ಕೊನೆಯನ್ನು ಅಳೆಯಬೇಕು. ಒಳಗೆ ಕ್ಷಣಕಾಲ ಬೆಂಕಿ ಮಿಂಚಿದಂತೆ ಕಾಣುವುದೂ ಉಂಟು. ಹಿಗ್ಗಿದ ಪೊಳ್ಳು ಮತ್ತೆ ಕುಸಿಯುವಾಗ ತೈಲದ ಆವಿ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಹೊತ್ತಿಕೊಳ್ಳುವುದು ಅದು. ವಿಡಿಯೋ ನೋಡಿದವರು ಅದನ್ನು ಗುಂಡಿನ ಪ್ರತಾಪ ಎಂದುಕೊಳ್ಳುತ್ತಾರೆ. ಕೊಳ್ಳಿ, ಬೇಡವೆನ್ನುವುದಿಲ್ಲ. ಅದರ ಅಂಕಿಗಳನ್ನು ಅದರ ಅಂಕಿಗಳೊಂದಿಗೆ ಮಾತ್ರ ಹೋಲಿಸಿ.

ತಕ್ಕಡಿ

ಮುಂದಿನ ಗಡ್ಡೆ ಮಾಡುವಾಗ ಇನ್ನೂ ಎರಡು ಸಂಗತಿಗಳನ್ನು ಗಮನಿಸಿ. ಇಲ್ಲಿಯವರೆಗೆ ನೀವು ಬರೆದುದರಲ್ಲಿ ಗುಂಡಿನ ವೇಗ ಎಲ್ಲಿಯೂ ಇಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ ಅವರ ಪರೀಕ್ಷಾ ನಳಿಗೆಯದು, ನಿಮ್ಮ ಪಿಸ್ತೂಲಿನದಲ್ಲ. ಪ್ರತಿ ಹೊಡೆತಕ್ಕೂ ಕ್ರೋನೋಗ್ರಾಫಿನ ಅಂಕಿ ಬರೆದುಕೊಳ್ಳದಿದ್ದರೆ, 15 ಮತ್ತು 14 ಮಿ.ಮೀ.ಗಳ ವ್ಯತ್ಯಾಸ ಗುಂಡಿನ ರಚನೆಯದೋ ಅಥವಾ ಆ ತೋಟಾದಲ್ಲಿ ಮದ್ದು ಒಂದಿಷ್ಟು ಕಡಿಮೆ ಇದ್ದುದರದೋ ಎಂದು ಹೇಳಲಾಗದು. ಒಂದೊಂದು ಬಗೆಗೂ ಐದು ಗುಂಡು ಹೊಡೆಯಿರಿ. ಒಂದು ಹೊಡೆತದಿಂದ ಇನ್ನೊಂದಕ್ಕೂ ಗಡ್ಡೆಯ ಅಂಚಿನಿಂದಲೂ ಕನಿಷ್ಠ ನಾಲ್ಕು ಸೆಂ.ಮೀ. ಬಿಟ್ಟು ಹೊಡೆಯಬೇಕು, ಹಿಂದಿನ ಗುಂಡಿನ ಬಿರುಕಿಗೆ ಸಿಕ್ಕ ಗುಂಡು ಸುಲಭದ ದಾರಿ ಹಿಡಿಯುತ್ತದೆ.

ಎರಡನೆಯದು ಬಟ್ಟೆ. ಬರಿಯ ನೀರಿನಲ್ಲೂ ಬರಿಯ ಜೆಲಟಿನ್‌ನಲ್ಲೂ ಹೆಚ್ಚುಕಡಿಮೆ ಎಲ್ಲ ಹಾಲೋ ಪಾಯಿಂಟ್ ಗುಂಡುಗಳೂ ಅರಳುತ್ತವೆ. ಅವುಗಳ ನಡುವಿನ ಭೇದ ಬಯಲಾಗುವುದು ಮುಂದೆ ಬಟ್ಟೆ ಬಿದ್ದಾಗ. ಹಳೆಯ ಜೀನ್ಸ್ ಪ್ಯಾಂಟಿನ ಬಟ್ಟೆಯನ್ನು ನಾಲ್ಕು ಪದರ ಮಾಡಿ ಗಡ್ಡೆಯ ಮುಂದೆ ಇಳಿಬಿಡಿ. ಗುಂಡಿನ ಬಾಯಿ ಬಟ್ಟೆಯನ್ನು ಬಿಲ್ಲೆಯಾಗಿ ಕತ್ತರಿಸಿ ತನ್ನೊಳಗೆ ತುರುಕಿಕೊಳ್ಳುತ್ತದೆ, ದ್ರವ ಒಳಗೆ ನುಗ್ಗಲು ಜಾಗವಿಲ್ಲದೆ ದಳಗಳು ತೆರೆಯುವುದಿಲ್ಲ. ನಾನು ಹೊರತೆಗೆದ ಒಂದು ಗುಂಡಿನ ಬಾಯಿಯಿಂದ ಚಿಮುಟದಲ್ಲಿ ನೀಲಿ ಬಟ್ಟೆಯ ನಾಲ್ಕು ಬಿಲ್ಲೆಗಳನ್ನು ಒಂದೊಂದಾಗಿ ಎಳೆದಿದ್ದೇನೆ, ಅದರ ಮೂತಿ ಸೊಟ್ಟಗಾಗಿತ್ತೇ ಹೊರತು ಅರಳಿರಲಿಲ್ಲ. 9 ಮಿ.ಮೀ. ಗುಂಡು 15ಕ್ಕೆ ಅರಳಿದರೆ ಎದುರಿನ ವಿಸ್ತೀರ್ಣ ಸುಮಾರು 2.8 ಪಟ್ಟಾಗುತ್ತದೆ. ಅದು ಅರಳದೆ ಹೋದಾಗ ಗಡ್ಡೆಯನ್ನು ದಾಟಿಹೋಗುವುದರಲ್ಲಿ ಆಶ್ಚರ್ಯವಿಲ್ಲ. ಆದ್ದರಿಂದ ಗಡ್ಡೆಯ ಹಿಂದೆ ಇನ್ನೊಂದು ಗಡ್ಡೆಯನ್ನು ಇಡುವುದು ಒಳಿತು.

ಅರಳಿದ ಅಗಲವನ್ನು ಅಳೆಯುವಾಗ ವರ್ನಿಯರ್ ಕ್ಯಾಲಿಪರನ್ನು ಅತಿ ಅಗಲವಾದ ದಳಗಳ ತುದಿಗೆ ಮಾತ್ರ ಹಿಡಿಯುವ ಆಸೆ ಎಲ್ಲರಿಗೂ ಆಗುತ್ತದೆ. ಅತಿ ಅಗಲ, ಅತಿ ಕಿರಿದು ಎರಡನ್ನೂ ಅಳೆದು ಸರಾಸರಿ ಬರೆಯಿರಿ. ಗುಂಡಿಗೆ ಅಂಟಿದ ಜೆಲಟಿನ್ ಚೂರನ್ನು ಬಿಸಿನೀರಿನಲ್ಲಿ ತೊಳೆದು ತೆಗೆದು, ಗುಂಡನ್ನು ಒರೆಸಿ, ಆಮೇಲೆ ತೂಗಿರಿ. 124 ಗ್ರೇನಿನಲ್ಲಿ 120 ಉಳಿದಿದ್ದರೆ ಗುಂಡು ಒಟ್ಟಾಗಿ ಉಳಿದಿದೆ ಎಂದರ್ಥ. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಏನನ್ನೂ ತಿನ್ನಬೇಡಿ, ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಗುರಿಹಲಗೆ

ಎರಡನೆಯ ಗಡ್ಡೆಯನ್ನು ಮಾಡುವಾಗ ಉಷ್ಣತೆ 39 ಡಿಗ್ರಿ ದಾಟದಂತೆ ನೋಡಿಕೊಂಡೆ, ಛರ್ರೆ 8.8ರಲ್ಲಿ ನಿಂತಿತು. ನಾಲ್ಕು ಪದರ ಜೀನ್ಸ್ ಬಟ್ಟೆಯ ಹಿಂದೆ ಮೊದಲ ಬಗೆಯ ಗುಂಡು ಐದರಲ್ಲಿ ಐದೂ ಸಲ ಅರಳಿ 35ರಿಂದ 38 ಸೆಂ.ಮೀ. ಒಳಗೆ ನಿಂತಿತು. ನೀರಿನಲ್ಲಿ 14 ಮಿ.ಮೀ. ಅರಳಿ ಮೊದಲನೆಯದಕ್ಕೆ ಹೆಚ್ಚುಕಡಿಮೆ ಸರಿಸಮವಾಗಿ ಕಂಡಿದ್ದ ಎರಡನೆಯ ಬಗೆಯದು ಮೂರು ಸಲ ಬಾಯಿ ಕಟ್ಟಿಕೊಂಡು ಮೊದಲ ಗಡ್ಡೆಯನ್ನು ದಾಟಿ ಹಿಂದಿನದಕ್ಕೆ ಹೊಕ್ಕಿತು. ಅವುಗಳ ವೇಗವನ್ನು ನೋಡಿದರೆ ಮೊದಲನೆಯದಕ್ಕಿಂತ ಸೆಕೆಂಡಿಗೆ 20 ಮೀಟರಿನಷ್ಟು ಕಡಿಮೆ. ಇನ್ನು ಉದ್ದ ನಳಿಗೆಯ ಪಿಸ್ತೂಲಿನಿಂದ ಅದೇ ತೋಟಾಗಳನ್ನು ಹೊಡೆದು, ದೋಷ ಗುಂಡಿನದೋ ವೇಗದ್ದೋ ಎಂದು ನೋಡಬೇಕಾಗಿದೆ. ಅದಕ್ಕೆ ಮೂರನೆಯ ಗಡ್ಡೆ ಈಗ ಫ್ರಿಜ್ಜಿನಲ್ಲಿದೆ.